ಮೇಲ್‌ಗೂ ಸರ್ವರ್ ಲಾಗಿನ್‌ಗೂ ಒಂದೇ ಕೀ ಸಾಕೇ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ದಾವಣಗೆರೆ ವಿದ್ಯಾನಗರದವನು. ಬೆಂಗಳೂರಿನ ಕಂಪನಿಯೊಂದಕ್ಕೆ ಮನೆಯಿಂದಲೇ ಕೆಲಸ ಮಾಡುತ್ತೇನೆ. 11 ಲಿನಕ್ಸ್ ಸರ್ವರ್‌ಗಳು ನನ್ನ ಸುಪರ್ದಿಯಲ್ಲಿವೆ. ಗಿರಾಕಿಗಳ ಜೊತೆ ಗುಪ್ತ ಮೇಲ್ ವ್ಯವಹಾರಕ್ಕೆ ಎರಡು ವರ್ಷದಿಂದ ಜಿಪಿಜಿ ಕೀ ಬಳಸುತ್ತಿದ್ದೇನೆ. ಸರ್ವರ್‌ಗೆ ಹೋಗಲು ಬೇರೆ ಎಸ್‌ಎಸ್‌ಎಚ್ ಕೀಗಳಿವೆ. ಹಳೇ ಲ್ಯಾಪ್‌ಟಾಪಿನದೊಂದು, ಹೊಸದರದೊಂದು. ಯಾವ ಸರ್ವರ್‌ನಲ್ಲಿ ಯಾವುದಿದೆ ಎಂಬುದೇ ಈಗ ಗೋಜಲು. ಜಿಪಿಜಿ ಕೀಯಿಂದಲೇ ಎಸ್‌ಎಸ್‌ಎಚ್ ಲಾಗಿನ್ ಆಗಬಹುದು, ಎಲ್ಲಕ್ಕೂ ಒಂದೇ ಕೀ ಸಾಕು ಎಂದು ಸಹೋದ್ಯೋಗಿಯೊಬ್ಬರು ಹೇಳಿದರು. ನಮ್ಮ ಟೀಮಿನ ಹಿರಿಯರೊಬ್ಬರು ಮಾತ್ರ 'ಒಂದು ಕೀಗೆ ಒಂದೇ ಕೆಲಸ' ಎಂದು ಹಠ ಹಿಡಿದಿದ್ದಾರೆ. ಯಾರ ಮಾತು ಕೇಳಲಿ?
(ಹೆಸರು ಹಾಕಬೇಡಿ ಎಂದಿರುವ ಓದುಗರು, ದಾವಣಗೆರೆ)

ಉತ್ತರ: ಹಿರಿಯರ ಮಾತು ಕೇಳಿ. ಆದರೆ ಸಹೋದ್ಯೋಗಿ ತೋರಿಸಿದ ದಾರಿ ಹಿಡಿದರೂ ಹಿರಿಯರ ಮಾತು ಮೀರಿದಂತಾಗುವುದಿಲ್ಲ. ಯಾಕೆಂದರೆ ನೀವು ಎರಡು ವರ್ಷದಿಂದ 'ನನ್ನ ಕೀ' ಎಂದು ಕರೆಯುತ್ತಿರುವುದರೊಳಗೆ ಆಗಲೇ ಎರಡು ಕೀಗಳಿವೆ.

ಟರ್ಮಿನಲ್ ತೆರೆದು, ಸೀಕ್ರೆಟ್ ಕೀಗಳನ್ನು ಪಟ್ಟಿ ಮಾಡು ಎಂದು ಜಿಪಿಜಿಗೆ ಹೇಳಿ ನೋಡಿ. ಮೊದಲ ಸಾಲು 'ಸೆಕ್' ಎಂದು ಶುರುವಾಗುತ್ತದೆ. ಆ ಸಾಲಿನ ಬಲಗಡೆ ಚೌಕ ಕಂಸದಲ್ಲಿ 'ಎಸ್‌ಸಿ' ಎಂಬ ಎರಡು ಅಕ್ಷರ ಕಾಣುತ್ತವೆ. ಕೆಳಗೆ 'ಎಸ್‌ಎಸ್‌ಬಿ' ಎಂದು ಇನ್ನೊಂದು ಸಾಲು, ಅದರ ಕಂಸದಲ್ಲಿ ಬರೀ 'ಇ'. ಹೆಚ್ಚಿನವರ ಕಣ್ಣು ಆ ಅಕ್ಷರಗಳ ಮೇಲೆ ನಿಲ್ಲುವುದೇ ಇಲ್ಲ. ವಿಷಯವೆಲ್ಲ ಇರುವುದು ಅಲ್ಲೇ. ಸಿ ಅಂದರೆ ಸರ್ಟಿಫೈ: ಇತರ ಕೀಗಳು ನನ್ನವೇ ಎಂದು ಮುದ್ರೆ ಒತ್ತುವ ಅಧಿಕಾರ. ಎಸ್ ಅಂದರೆ ಸಹಿ. ಇ ಅಂದರೆ ಎನ್‌ಕ್ರಿಪ್ಟ್: ನಿಮಗೆ ಬಂದ ಗುಪ್ತ ಪತ್ರ ಬಿಡಿಸುವ ಕೀ. ನಾಲ್ಕನೆಯದು ಎ, ಅಂದರೆ ಅಥೆಂಟಿಕೇಟ್: 'ಬಾಗಿಲಲ್ಲಿ ನಿಂತಿರುವವನು ನಾನೇ' ಎಂದು ರುಜುವಾತು ಕೊಡುವ ಕೀ. ಅದು ನಿಮ್ಮ ಬಳಿ ಇನ್ನೂ ಇಲ್ಲ. ಮಾಡಿಕೊಳ್ಳಬೇಕಾದದ್ದು ಅದನ್ನೇ. ಮೇಲಿನ ಕೀ ತಾಯಿ, ಕೆಳಗಿನವು ಮಕ್ಕಳು, ಅಂದರೆ ಸಬ್‌ಕೀಗಳು. ಮನೆತನದ ಹೆಸರು ಒಂದೇ, ಒಬ್ಬೊಬ್ಬರ ಉದ್ಯೋಗ ಬೇರೆ.

ಇದೇ ಇ ಕೀಯನ್ನು ಲಾಗಿನ್‌ಗೂ ತಿರುಗಿಸಬಹುದಲ್ಲ ಎಂದು ಕೇಳುತ್ತೀರಿ. ಹೊಸ ಜಿಪಿಜಿ ತಾನಾಗಿ ಮಾಡಿಕೊಡುವ ಕೀಗಳಲ್ಲಿ ಅದು ಸಾಧ್ಯವೇ ಇಲ್ಲ. 2021ರಲ್ಲಿ ಬಂದ 2.3ನೇ ಆವೃತ್ತಿಯಿಂದ ಅದು ತಾನಾಗಿ ಮಾಡಿಕೊಡುವ ಕೀಗಳಲ್ಲಿ ಸಹಿಯದು ಇಡಿ25519 ಎಂಬ ಜಾತಿ, ಎನ್‌ಕ್ರಿಪ್ಷನ್‌ನದು ಸಿವಿ25519 ಎಂಬ ಜಾತಿ. ಮೊದಲನೆಯದಕ್ಕೆ ಪತ್ರ ಬಿಡಿಸಲು ಬರದು, ಎರಡನೆಯದಕ್ಕೆ ಸಹಿ ಹಾಕಲು ಬರದು. ಲಾಗಿನ್ ಅಂದರೆ ಒಳಗಿನ ಲೆಕ್ಕದಲ್ಲಿ ಅದೂ ಒಂದು ಸಹಿಯೇ. ಹಳೆಯ ಆರ್‌ಎಸ್‌ಎ ಜಾತಿಯ ಕೀಗಳ ಕಥೆ ಬೇರೆ. ಅಲ್ಲಿ ಸಹಿ ಹಾಕುವುದಕ್ಕೂ ಗುಪ್ತ ಪತ್ರ ಬಿಡಿಸುವುದಕ್ಕೂ ಮೂಲ ಗಣಿತ ಒಂದೇ. ಕಣ್ಣು ಮುಚ್ಚಿ ಸಿಕ್ಕಿದ್ದಕ್ಕೆಲ್ಲ ಸಹಿ ಹಾಕಿದರೆ, ನಿಮಗೆ ಬಂದ ಪತ್ರವನ್ನು ನೀವೇ ಬಿಡಿಸಿ ಶತ್ರುವಿನ ಕೈಗೆ ಕೊಟ್ಟಂತಾದೀತು. ಇವತ್ತಿನ ಎಸ್‌ಎಸ್‌ಎಚ್ ಹಾಗೆ ಮಾಡುವುದಿಲ್ಲ. ಎರಡೂ ಕಡೆಯವರು ಸೇರಿ ಕಟ್ಟಿದ ಸೆಷನ್ ಗುರುತು ಸೇರಿದ ಸಂದೇಶಕ್ಕಷ್ಟೇ ಅದು ಸಹಿ ಹಾಕುತ್ತದೆ, ಸಹಿಗೆ ಮುನ್ನ ತುಂಬುವ ಹೆಚ್ಚುವರಿ ಅಕ್ಷರಗಳ (ಪ್ಯಾಡಿಂಗ್) ಬಗೆಯೂ ಬೇರೆ. ಆದ್ದರಿಂದ ಗಣಿತದ ಭಯವನ್ನು ನಾನು ನಿಮಗೆ ಹೆಚ್ಚು ಹುಟ್ಟಿಸಲಾರೆ. ನನಗೆ ಭಯ ಇರುವುದು ಬೇರೆ ಕಡೆ.

ನಮ್ಮ ತಂದೆ ಮಂಡಿಪೇಟೆಯ ಒಂದು ಅಡತಿ ಅಂಗಡಿಯಲ್ಲಿ ಗುಮಾಸ್ತರಾಗಿದ್ದರು. ಶಾಲೆ ಬಿಟ್ಟ ಮೇಲೆ ನಾನು ಅಲ್ಲೇ ಮೆಕ್ಕೆಜೋಳದ ಚೀಲಗಳ ಮೇಲೆ ಕೂತು ಹೋಂವರ್ಕ್ ಬರೆಯುತ್ತಿದ್ದೆ. ಆ ಅಂಗಡಿಗೆ ಎರಡು ಬೀಗ. ಮುಂದಿನ ಷಟರ್‌ನದೊಂದು, ಒಳಗಿನ ತಿಜೋರಿಯದೊಂದು. ಷಟರ್‌ನ ಕೀಲಿಕೈ ನಾಲ್ಕು ಜನರ ಹತ್ತಿರ ಇರುತ್ತಿತ್ತು: ಸಾಹುಕಾರರು, ಅಪ್ಪ, ಹಮಾಲರ ಮೇಸ್ತ್ರಿ, ಬೆಳಿಗ್ಗೆ ಕಸ ಗುಡಿಸುವ ಹುಡುಗ. ಹುಡುಗ ಕೆಲಸ ಬಿಟ್ಟರೆ ಅವತ್ತೇ ಸಂಜೆ ಹೊಸ ಬೀಗ ಬರುತ್ತಿತ್ತು. ಹಳೆಯದನ್ನು ಗುಜರಿಗೆ ಹಾಕುತ್ತಿದ್ದರು, ಯಾರಿಗೂ ಅದರ ಬಗ್ಗೆ ಚಿಂತೆ ಇರಲಿಲ್ಲ. ತಿಜೋರಿಯದು ಹಾಗಲ್ಲ. ಅದಕ್ಕೆ ಎರಡೇ ಕೈ. ಒಂದು ಸಾಹುಕಾರರ ಉಡಿದಾರದಲ್ಲಿ, ಇನ್ನೊಂದು ಅವರ ಮನೆಯ ದೇವರ ಕೋಣೆಯಲ್ಲಿ. ಒಳಗೆ ಇದ್ದದ್ದು ದುಡ್ಡಿಗಿಂತ ಹೆಚ್ಚಾಗಿ ಹಳೇ ಕಿರ್ದಿ ಪುಸ್ತಕ, ರೈತರ ಪ್ರೊನೋಟು, ಪಾಲು ಪತ್ರ. ಆ ಕೈ ಕಳೆದರೆ ಅಷ್ಟೂ ವರ್ಷದ ಲೆಕ್ಕ ಒಳಗೇ ಉಳಿದುಹೋಗುತ್ತಿತ್ತು.

ಲಾಗಿನ್ ಕೀ ಷಟರ್‌ನದು, ಮೇಲ್ ಕೀ ತಿಜೋರಿಯದು. ಲಾಗಿನ್ ಕೀ ಕಳೆದರೆ ಏನಾಯಿತು? ಹೊಸದು ಮಾಡಿ, ಸರ್ವರ್‌ನಲ್ಲಿ ಹಳೇ ಸಾಲು ಅಳಿಸಿ ಹೊಸ ಸಾಲು ಹಾಕಿದರೆ ಮುಗಿಯಿತು. ಅದಕ್ಕೆ ಬ್ಯಾಕಪ್ಪೇ ಬೇಕಿಲ್ಲ. ಬ್ಯಾಕಪ್ ಇಟ್ಟಷ್ಟೂ ಕಳ್ಳತನಕ್ಕೆ ಜಾಗ ಜಾಸ್ತಿ. ಮೇಲ್ ಬಿಡಿಸುವ ಕೀ ಕಳೆದರೆ ಎರಡು ವರ್ಷದ ಅಷ್ಟೂ ಮೇಲ್ ಕಲ್ಲಾಗುತ್ತವೆ. ಅದನ್ನು ಬದಲಾಯಿಸಿದ ಮೇಲೂ ಹಳೆಯದನ್ನು ಎಸೆಯುವಂತಿಲ್ಲ, ಹಳೇ ಪತ್ರಗಳಿಗೆ ಅದೇ ಬೇಕು. ಒಂದನ್ನು ಜೋಪಾನ ಮಾಡಬೇಕು, ಇನ್ನೊಂದನ್ನು ಯಾವಾಗ ಬೇಕಾದರೂ ಎಸೆಯಲು ತಯಾರಿರಬೇಕು. ಎರಡಕ್ಕೂ ಒಂದೇ ಕೀ ಇಟ್ಟರೆ ಎಸೆಯಬೇಕಾದ ದಿನ ಎಸೆಯಲು ಕೈ ಬರುವುದಿಲ್ಲ.

ಇನ್ನೊಂದು ಸಂದರ್ಭ ಯೋಚಿಸಿ. ನಮ್ಮ ದೇಶದ ಮಾಹಿತಿ ತಂತ್ರಜ್ಞಾನ ಕಾಯ್ದೆ 2000ರ ಕಲಂ 69ರ ಪ್ರಕಾರ, ಅಧಿಕೃತ ಆದೇಶ ಬಂದರೆ ಎನ್‌ಕ್ರಿಪ್ಟ್ ಆದ ಮಾಹಿತಿಯನ್ನು ಬಿಡಿಸಿಕೊಡಲು ನೆರವಾಗಲೇಬೇಕು. ತಪ್ಪಿದರೆ 7 ವರ್ಷದವರೆಗೆ ಜೈಲು. ಆದೇಶದವರೆಗೂ ಹೋಗುವುದು ಬೇಡ. ನೀವು ಕೆಲಸ ಬಿಟ್ಟಾಗ, ಗಿರಾಕಿಗಳ ಹಳೇ ಮೇಲ್ ಓದಲು ಆ ಕೀ ಬಿಟ್ಟು ಹೋಗಿ ಎಂದು ಕಂಪನಿಯೇ ಕೇಳಬಹುದು, ಅದರಲ್ಲಿ ನ್ಯಾಯವೂ ಇದೆ. ಪತ್ರ ಓದಲು ಕೊಟ್ಟ ಕೀ ಲಾಗಿನ್‌ನದೂ ಆಗಿದ್ದರೆ, ನಿಮ್ಮ ಹೆಸರಿನಲ್ಲಿ ಸರ್ವರ್ ಒಳಗೆ ಓಡಾಡುವ ಹಕ್ಕನ್ನೂ ಕೊಟ್ಟಂತೆ. ನಾಳೆ ಏನಾದರೂ ಹೆಚ್ಚುಕಮ್ಮಿ ಆದರೆ ಲಾಗ್‌ನಲ್ಲಿ ಇರುವುದು ನಿಮ್ಮ ಕೀಯ ಗುರುತು.

ಈಗ ನಾನು ಮಾಡಿದ ತಪ್ಪು ಹೇಳುತ್ತೇನೆ. ಈ ಪತ್ರಕ್ಕೆ ಇಷ್ಟು ಉದ್ದ ಉತ್ತರ ಬರೆಯುತ್ತಿರುವುದಕ್ಕೆ ಕಾರಣ ಅದೇ.

ಪಿ.ಜೆ. ಬಡಾವಣೆಯ ಒಂದು ಆಫೀಸಿನ ಸರ್ವರ್‌ಗಳನ್ನು ನಾನು ನೋಡಿಕೊಳ್ಳುತ್ತಿದ್ದೆ. ಅಲ್ಲಿ ಐದಾರು ಹುಡುಗರು, ಎಲ್ಲರಿಗೂ ನಾನೇ ಕೂತು ಜಿಪಿಜಿ ಕೀ ಮಾಡಿಸಿ, ಎ ಸಬ್‌ಕೀ ಸೇರಿಸಿ, ಅದರಿಂದಲೇ ಲಾಗಿನ್ ಆಗುವಂತೆ ಮಾಡಿದ್ದೆ. ಸಬ್‌ಕೀಗಳಿಗೆ ಒಂದು ವರ್ಷದ ಅವಧಿಯನ್ನೂ ಹಾಕಿದ್ದೆ. ಒಬ್ಬ ಹುಡುಗ ಕೆಲಸ ಬಿಟ್ಟು ಬೆಂಗಳೂರಿಗೆ ಹೊರಟ. ಹೊರಡುವ ಮುಂಚೆ ಅವನ ಕೀಯನ್ನು ರಿವೋಕ್, ಅಂದರೆ ರದ್ದು, ಮಾಡಿಸಿದೆ. ನನ್ನ ಕೀರಿಂಗ್ (ಜಿಪಿಜಿಯ ಕೀ ಗೊಂಚಲು) ರಿಫ್ರೆಶ್ ಮಾಡಿದಾಗ ಅವನ ಹೆಸರಿನ ಮುಂದೆ 'ರಿವೋಕ್ಡ್' ಎಂದು ಬಂತು. ಫೈಲಿನಲ್ಲಿ 'ಪ್ರವೇಶ ರದ್ದು' ಎಂದು ಬರೆದು ತಾರೀಕು ಹಾಕಿದೆ.

ನಾಲ್ಕು ತಿಂಗಳ ಮೇಲೆ ಒಂದು ಸರ್ವರ್‌ನ ಡಿಸ್ಕ್ ತುಂಬಿತು. ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆ ಸರ್ಟ್-ಇನ್‌ನ 2022ರ ಏಪ್ರಿಲ್ ನಿರ್ದೇಶನದಂತೆ ಲಾಗ್‌ಗಳನ್ನು 180 ದಿನ ಇಡುತ್ತಿದ್ದೆವು. ಯಾವುದು ಜಾಗ ತಿನ್ನುತ್ತಿದೆ ಎಂದು ಒಂದೊಂದೇ ತೆರೆದು ನೋಡುತ್ತಿದ್ದೆ. 'ಆಕ್ಸೆಪ್ಟೆಡ್ ಪಬ್ಲಿಕ್‌ಕೀ' ಎಂಬ ಒಂದು ಸಾಲು, ರಾತ್ರಿ 11 ದಾಟಿದ ಹೊತ್ತಿನದು. ಕೊನೆಯಲ್ಲಿದ್ದ ಫಿಂಗರ್‌ಪ್ರಿಂಟ್ (ಕೀಯನ್ನು ಗುರುತಿಸುವ ಅಕ್ಷರಮಾಲೆ) ಈಗ ಇರುವ ಯಾವ ಹುಡುಗನದೂ ಅಲ್ಲ. ಹಳೇ ಪಟ್ಟಿ ತೆಗೆದು ಅಕ್ಷರ ಅಕ್ಷರ ಹೊಂದಿಸಿದೆ. ಬೆಂಗಳೂರಿಗೆ ಹೋದ ಹುಡುಗನದೇ. ಫೋನ್ ಮಾಡಿದೆ. ಅವನು ಏನೂ ಮುಚ್ಚಿಡಲಿಲ್ಲ. 'ನನ್ನ ಹಳೇ ಸ್ಕ್ರಿಪ್ಟ್ ಒಂದು ನೋಡ್ಬೇಕಿತ್ತು ಮೇಡಂ. ಬಾಗ್ಲು ತಗೀತಲ್ಲ, ಇನ್ನೂ ಪರ್ಮಿಷನ್ ಐತಿ ಅನ್ಕಂಡೆ' ಅಂದ. ಅವನದು ತಪ್ಪಿಲ್ಲ. ಬಾಗಿಲು ಮುಚ್ಚದೇ ಮುಚ್ಚಿದೆ ಎಂದು ಬರೆದವಳು ನಾನು.

ಹೀಗೇಕೆ ಆಯಿತು ಎಂಬುದನ್ನು ಸರಿಯಾಗಿ ತಿಳಿದುಕೊಳ್ಳಿ. ಜಿಪಿಜಿಗೆ ಮೂಲವಾದ ಪಿಜಿಪಿಯನ್ನು ಫಿಲ್ ಜಿಮ್ಮರ್‌ಮನ್ 1991ರಲ್ಲಿ ಹೊರತಂದದ್ದು ಪತ್ರಗಳಿಗಾಗಿ. ಅದರ ಕೀಗೆ ಹೆಸರಿದೆ, ಮೇಲ್ ವಿಳಾಸವಿದೆ, ಅವಧಿ ಇದೆ, ರದ್ದತಿ ಇದೆ. ಎಸ್‌ಎಸ್‌ಎಚ್ ಹುಟ್ಟಿದ್ದು 1995ರಲ್ಲಿ, ಫಿನ್ಲೆಂಡಿನಲ್ಲಿ. ವಿಶ್ವವಿದ್ಯಾಲಯದ ಜಾಲದಲ್ಲಿ ಯಾರೋ ಪಾಸ್‌ವರ್ಡ್‌ಗಳನ್ನು ಕದ್ದಾಲಿಸಿದ್ದು ತಿಳಿದ ಮೇಲೆ ತಾತು ಯುಲೋನೆನ್ ಅದನ್ನು ಬರೆದರು. ಅದರ ಕೆಲಸ ಬಾಗಿಲು ತೆರೆಯುವುದು, ಅಷ್ಟೇ. ಸರ್ವರ್‌ನ 'ಆಥರೈಜ್ಡ್ ಕೀಸ್' ಫೈಲಿನಲ್ಲಿ ಒಂದು ಸಾಲು ಅಂದರೆ ಕೀಯ ಜಾತಿ, ಉದ್ದನೆಯ ಅಕ್ಷರಮಾಲೆ, ಕೊನೆಗೊಂದು ಟಿಪ್ಪಣಿ. ಜಿಪಿಜಿಯಿಂದ ಬಂದ ಸಾಲಾದರೆ ಆ ಟಿಪ್ಪಣಿಯಲ್ಲಿ 'ಓಪನ್‌ಪಿಜಿಪಿ' (ಜಿಪಿಜಿ ಪಾಲಿಸುವ ಮಾನದಂಡದ ಹೆಸರು) ಎಂದೂ ಕೀಯ ಕೊನೆಯ ಕೆಲವು ಅಂಕಿ-ಅಕ್ಷರಗಳೂ ಇರುತ್ತವೆ. ಅವಧಿ, ರದ್ದತಿ ಯಾವುದೂ ಆ ಸಾಲಿಗೆ ದಾಟಿ ಬರುವುದಿಲ್ಲ. ಸರ್ವರ್ ಹೋಗಿ ಕೀಸರ್ವರ್‌ನಲ್ಲಿ (ಕೀಗಳ ಸಾರ್ವಜನಿಕ ಭಂಡಾರದಲ್ಲಿ) ವಿಚಾರಿಸುವುದೂ ಇಲ್ಲ. ನಿಮ್ಮ ಲ್ಯಾಪ್‌ಟಾಪಿನ ಜಿಪಿಜಿ ಏಜೆಂಟ್ (ಹಿನ್ನೆಲೆಯಲ್ಲಿ ಕೂತು ಕೀ ಕಾಯುವ ತಂತ್ರಾಂಶ) ಕೂಡ ಎಸ್‌ಎಸ್‌ಎಚ್ ಕೇಳಿದಾಗ ಅವಧಿ ನೋಡುವುದಿಲ್ಲ, ಬರೀ ಪ್ರೈವೇಟ್ ಕೀ ಎತ್ತಿ ಸಹಿ ಹಾಕುತ್ತದೆ. ಆದ್ದರಿಂದ ರದ್ದು ಮಾಡುವುದು ಅಂದರೆ ಪ್ರತಿ ಸರ್ವರ್‌ಗೆ ಹೋಗಿ ಆ ಸಾಲು ಅಳಿಸುವುದು. ಬೇರೆ ಅರ್ಥ ಅದಕ್ಕಿಲ್ಲ. ಅವತ್ತಿನಿಂದ ನನ್ನ ನೋಟ್‌ಬುಕ್ಕಿನಲ್ಲಿ ಎಡಗಡೆ ಸರ್ವರ್‌ಗಳ ಹೆಸರು, ಬಲಗಡೆ ಯಾರ್ಯಾರ ಕೀ ಇದೆ ಎಂದು ಬರೆದಿಡುತ್ತೇನೆ. ನಿಮ್ಮ 11 ಸರ್ವರ್‌ಗೂ ಮೊದಲು ಆ ಪಟ್ಟಿ ಮಾಡಿ. ನಿಮ್ಮ ಗೋಜಲಿಗೆ ಅರ್ಧ ಪರಿಹಾರ ಅಲ್ಲೇ ಸಿಗುತ್ತದೆ.

ಇನ್ನು ಮಾಡುವ ಬಗೆ. ಎಲ್ಲಕ್ಕೂ ಮೊದಲು ಈಗಿರುವ ಸೀಕ್ರೆಟ್ ಕೀಯನ್ನು ಎಕ್ಸ್‌ಪೋರ್ಟ್ ಮಾಡಿ ಎರಡು ಪೆನ್‌ಡ್ರೈವಿಗೆ ಹಾಕಿ. ನನ್ನದು ಒಂದು ಮನೆಯ ಬೀರುವಿನಲ್ಲಿದೆ, ಇನ್ನೊಂದು ಬ್ಯಾಂಕ್ ಲಾಕರ್‌ನಲ್ಲಿ. ಆಮೇಲೆ ಜಿಪಿಜಿಯನ್ನು 'ಎಕ್ಸ್‌ಪರ್ಟ್' ಆಯ್ಕೆಯೊಂದಿಗೆ 'ಎಡಿಟ್-ಕೀ'ಯಲ್ಲಿ ತೆರೆದು 'ಆಡ್‌ಕೀ' ಎನ್ನಿ. 'ಎಕ್ಸ್‌ಪರ್ಟ್' ಎನ್ನದಿದ್ದರೆ, ಅಧಿಕಾರವನ್ನು ನೀವೇ ಗೊತ್ತುಮಾಡುವ ಆಯ್ಕೆ ಪಟ್ಟಿಯಲ್ಲಿ ಕಾಣಿಸುವುದೇ ಇಲ್ಲ. ಆ ಆಯ್ಕೆ ಹಿಡಿದು ಸಹಿಯನ್ನು ಆಫ್ ಮಾಡಿ, ಅಥೆಂಟಿಕೇಟ್ ಆನ್ ಮಾಡಿ. ಕಂಸದಲ್ಲಿ 'ಎ' ಒಂದೇ ಅಕ್ಷರ ಉಳಿಯಬೇಕು. ಕೊನೆಗೆ 'ಸೇವ್' ಹೇಳುವುದನ್ನು ಮರೆಯಬೇಡಿ. ಜಿಪಿಜಿ ಏಜೆಂಟಿನ ಕಾನ್ಫಿಗ್ ಫೈಲಿನಲ್ಲಿ 'ಎನೇಬಲ್-ಎಸ್‌ಎಸ್‌ಎಚ್-ಸಪೋರ್ಟ್' ಎಂದು ಒಂದು ಸಾಲು ಹಾಕಿ, ಶೆಲ್ಲಿನ ಎಸ್‌ಎಸ್‌ಎಚ್ ಸಾಕೆಟ್ ಏಜೆಂಟಿನ ಸಾಕೆಟ್ ಕಡೆ ತಿರುಗಿಸಿ. ಹೊಸ ಸಬ್‌ಕೀಯ ಕೀಗ್ರಿಪ್ಪನ್ನು (ಏಜೆಂಟ್ ಆ ಕೀಗೆ ಬಳಸುವ ಗುರುತು) 'ಎಸ್‌ಎಸ್‌ಎಚ್‌ಕಂಟ್ರೋಲ್' ಫೈಲಿಗೆ ಸೇರಿಸಿ. 'ಎಕ್ಸ್‌ಪೋರ್ಟ್-ಎಸ್‌ಎಸ್‌ಎಚ್-ಕೀ' ಕೊಟ್ಟರೆ ಸರ್ವರ್‌ಗೆ ಹಾಕಬೇಕಾದ ಸಾಲು ಸಿದ್ಧವಾಗಿ ಬರುತ್ತದೆ.

ಆ ಸಾಲು ಹಾಕುವಾಗ ಹಳೇ ಕೀಯಿಂದ ತೆರೆದ ಒಂದು ಕಿಟಕಿಯನ್ನು ಮುಚ್ಚದೇ ಇಟ್ಟುಕೊಳ್ಳಿ. ಇನ್ನೊಂದು ಕಿಟಕಿಯಿಂದ ಹೊಸ ಕೀಯಲ್ಲಿ ಒಳಗೆ ಹೋಗಿ ನೋಡಿ. ಹೋಯಿತೆಂದರೆ ಮಾತ್ರ ಹಳೇ ಸಾಲು ತೆಗೆಯಿರಿ. ಕಾನ್ಫಿಗ್‌ನಲ್ಲಿ ಒಂದು ಅಕ್ಷರ ತಪ್ಪಿ, ಸರ್ವರ್ ಹೊರಗೆ ನಿಂತು ನನ್ನ ಕಡೆ ಫೋನ್ ಮಾಡಿದವರು ಹಲವರು.

ತಾಯಿ ಕೀಯ ಸೀಕ್ರೆಟ್ ಭಾಗವನ್ನು ಲ್ಯಾಪ್‌ಟಾಪಿನಿಂದ ತೆಗೆದು ಪೆನ್‌ಡ್ರೈವಿನಲ್ಲಷ್ಟೇ ಇಟ್ಟು, ದಿನನಿತ್ಯಕ್ಕೆ ಸಬ್‌ಕೀಗಳನ್ನು ಮಾತ್ರ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಆಗ ಪಟ್ಟಿಯಲ್ಲಿ 'ಸೆಕ್' ಪಕ್ಕ ಒಂದು ಹ್ಯಾಶ್ ಚಿಹ್ನೆ ಬರುತ್ತದೆ. ಲ್ಯಾಪ್‌ಟಾಪ್ ಕಳುವಾದರೂ ನಿಮ್ಮ ಗುರುತು ಕಳುವಾಗಿಲ್ಲ ಎಂದು ಅದರ ಅರ್ಥ. ಬೀರುವಿನ ಪೆನ್‌ಡ್ರೈವ್ ತೆಗೆದು ಹೊಸ ಸಬ್‌ಕೀ ಹುಟ್ಟಿಸಿಕೊಳ್ಳಬಹುದು.

ರಿವೊಕೇಷನ್ ಸರ್ಟಿಫಿಕೇಟ್ ಬಗ್ಗೆ ಒಂದು ಮಾತು. ಕೀ ಮಾಡುವಾಗಲೇ ಜಿಪಿಜಿ ಅದನ್ನು ಬರೆದು ತನ್ನ ಫೋಲ್ಡರ್‌ನಲ್ಲಿ ಇಟ್ಟಿರುತ್ತದೆ. ಆ ಫೈಲಿನಲ್ಲಿ ಅಡ್ಡಗೆರೆಗಳ ಮುಂದೆ ಬೇಕೆಂದೇ ಒಂದು ಕೋಲನ್ ಹಾಕಿರುತ್ತಾರೆ, ಕೈತಪ್ಪಿ ಬಳಸಿ ಕೀಯನ್ನೇ ಸಾಯಿಸಬಾರದೆಂದು. ನಿಜವಾಗಿ ಬೇಕಾದ ದಿನ ಆ ಕೋಲನ್ ಅಳಿಸಿ ಇಂಪೋರ್ಟ್ ಮಾಡಬೇಕು. ಅದರ ಒಂದು ಪ್ರಿಂಟ್ ಪೆನ್‌ಡ್ರೈವ್ ಜೊತೆ ಇರಲಿ.

ಕೀ ತೆರೆಯುವ ಪಾಸ್‌ಫ್ರೇಸ್ (ಗುಪ್ತಪದ) ಒಂದೇ ಇದ್ದರೆ ಸಾಕು ಎಂಬ ಆಸೆ ನಿಮಗಿದ್ದರೆ ಅದು ಹೀಗೆ ಮಾಡಿದರೂ ನೆರವೇರುತ್ತದೆ. ಏಜೆಂಟ್ ಕೆಲಹೊತ್ತು ನೆನಪಿಟ್ಟುಕೊಳ್ಳುತ್ತದೆ. ಆದರೆ ನಿಮಗೆ ಪೂರ್ತಿ ನಂಬಿಕೆ ಇಲ್ಲದ ಸರ್ವರ್‌ಗೆ ಏಜೆಂಟ್ ಫಾರ್ವರ್ಡಿಂಗ್ (ನಿಮ್ಮ ಏಜೆಂಟನ್ನು ಆ ಸರ್ವರ್‌ನಿಂದಲೂ ಬಳಸುವ ವ್ಯವಸ್ಥೆ) ಹಾಕಿಕೊಂಡು ಹೋಗಲೇಬೇಡಿ. ನೀವು ಒಳಗಿರುವಷ್ಟು ಹೊತ್ತು ಅಲ್ಲಿನ ರೂಟ್ ಅಧಿಕಾರ ಇರುವವರು ನಿಮ್ಮ ಹೆಸರಲ್ಲಿ ಮುಂದಿನ ಸರ್ವರ್‌ಗೂ ಹೋಗಬಲ್ಲರು.

ಪ್ರಶ್ನೆ: ನಾನು ಯುಬಿಕೀ (ಕೀಗಳನ್ನು ಒಳಗಿಟ್ಟುಕೊಳ್ಳುವ ಪುಟ್ಟ ಸಾಧನ) ತರಿಸಿ ಜಿಪಿಜಿ ಕೀಯನ್ನು ಅದಕ್ಕೆ ಸೇರಿಸಿದ್ದೇನೆ. ಮೇಲ್, ಲಾಗಿನ್ ಎರಡೂ ಅದರಿಂದಲೇ. ಅದು ಕಳೆದುಹೋದರೆ?
(ಕಾಲೇಜು ಉಪನ್ಯಾಸಕರು, ಚಿತ್ರದುರ್ಗ)

ಉತ್ತರ: ಸರ್, ಮೊದಲು ಒಂದು ಮಾತು ಹೇಳಿ: ಕೀಯನ್ನು ಕಾರ್ಡಿಗೆ, ಅಂದರೆ ನಿಮ್ಮ ಯುಬಿಕೀಗೆ, ಹಾಕುವ 'ಕೀ-ಟು-ಕಾರ್ಡ್' ಆಜ್ಞೆ ಕೊಡುವ ಮುಂಚೆ ಬ್ಯಾಕಪ್ ತೆಗೆದಿದ್ದಿರಾ? ಆ ಆಜ್ಞೆ ಕೀಯನ್ನು ನಕಲು ಮಾಡುವುದಿಲ್ಲ, ಸಾಗಿಸುತ್ತದೆ. ಸೇವ್ ಮಾಡಿದ ಮೇಲೆ ಲ್ಯಾಪ್‌ಟಾಪಿನಲ್ಲಿ ಉಳಿಯುವುದು ಬರೀ ಒಂದು ಗುರುತು ಚೀಟಿ. ಕಾರ್ಡಿನಿಂದ ಹೊರಗೆ ತೆಗೆಯುವ ದಾರಿಯೇ ಇಲ್ಲ. ಬ್ಯಾಕಪ್ ಇಲ್ಲದಿದ್ದರೆ ಇವತ್ತೇ ಹೊಸ ಎನ್‌ಕ್ರಿಪ್ಷನ್ ಸಬ್‌ಕೀಯನ್ನು ಲ್ಯಾಪ್‌ಟಾಪಿನಲ್ಲಿ ಮಾಡಿ, ಬ್ಯಾಕಪ್ ತೆಗೆದು, ಆಮೇಲೆ ಕಾರ್ಡಿಗೆ ಹಾಕಿ. ಹಳೇ ಮೇಲ್‌ಗಳಲ್ಲಿ ಮುಖ್ಯವಾದವನ್ನು ಕಾರ್ಡ್ ಕೈಯಲ್ಲಿರುವಾಗಲೇ ಬಿಡಿಸಿ ಬೇರೆಡೆ ಭದ್ರ ಮಾಡಿ.

ನಿಮ್ಮ ಕಾರ್ಡಿನೊಳಗೆ ಮೂರು ಗೂಡುಗಳಿವೆ: ಸಹಿಗೊಂದು, ಬಿಡಿಸುವುದಕ್ಕೊಂದು, ಲಾಗಿನ್‌ಗೊಂದು. ಓಪನ್‌ಪಿಜಿಪಿ ಕಾರ್ಡನ್ನು ರೂಪಿಸಿದವರೇ ಮೂರು ಬೇರೆ ಮಾಡಿಟ್ಟಿದ್ದಾರೆ. ಮೇಲಿನ ಓದುಗರ ಹಿರಿಯರಿಗೆ ಇದೊಂದು ಸಾಕ್ಷಿ. ಮೂರರಲ್ಲಿ ನಡುವಿನದಕ್ಕೆ ಮಾತ್ರ ಬ್ಯಾಕಪ್ ಅನಿವಾರ್ಯ. ಪಿನ್ ಬದಲಾಯಿಸಿದ್ದೀರಿ ತಾನೇ? ಬರುವಾಗ ಅದು 123456 ಇರುತ್ತದೆ, ಅಡ್ಮಿನ್ ಪಿನ್ 12345678. ಮೂರು ಸಲ ತಪ್ಪಿದರೆ ಕಾರ್ಡ್ ಬೀಗ ಹಾಕಿಕೊಳ್ಳುತ್ತದೆ ನಿಜ, ಆದರೆ ಕದ್ದವನು ಮೊದಲ ಸಲವೇ ಒತ್ತಿ ನೋಡುವುದು ಅದನ್ನೇ. ಲಾಗಿನ್ ಗೂಡಿಗೆ ಬೆರಳು ಮುಟ್ಟಿಸಿದರೆ ಮಾತ್ರ ಕೆಲಸ ಮಾಡುವ ವ್ಯವಸ್ಥೆಯನ್ನೂ ಆನ್ ಮಾಡಿಕೊಳ್ಳಿ.

ಪ್ರಶ್ನೆ: ಮೇಡಂ, ನನ್ನ ಹತ್ತಿರ ಇರುವುದು ಎಸ್‌ಎಸ್‌ಎಚ್ ಕೀ ಮಾತ್ರ. ಅದರಿಂದಲೇ ಮೇಲ್ ಎನ್‌ಕ್ರಿಪ್ಟ್ ಮಾಡಲು, ಗಿಟ್ ಕಮಿಟ್‌ಗೆ (ಕೋಡ್ ಬದಲಾವಣೆಯ ದಾಖಲೆಗೆ) ಸಹಿ ಹಾಕಲು ಆಗುತ್ತದೆಯೇ?
(ಇಂಜಿನಿಯರಿಂಗ್ ವಿದ್ಯಾರ್ಥಿನಿ, ದಾವಣಗೆರೆ)

ಉತ್ತರ: ಸಹಿ ಆಗುತ್ತದಮ್ಮ. 2021ರ ನವೆಂಬರ್‌ನಲ್ಲಿ ಬಂದ ಗಿಟ್ 2.34ರಿಂದ ಎಸ್‌ಎಸ್‌ಎಚ್ ಕೀಯಿಂದಲೇ ಕಮಿಟ್‌ಗೆ ಸಹಿ ಹಾಕಬಹುದು. ಗಿಟ್‌ನ ಕಾನ್ಫಿಗ್‌ನಲ್ಲಿ ಸಹಿಯ ನಮೂನೆ 'ಎಸ್‌ಎಸ್‌ಎಚ್' ಎಂದು ಹೇಳಿ ಪಬ್ಲಿಕ್ ಕೀ ಫೈಲ್ ತೋರಿಸಿದರೆ ಸಾಕು. ನಿನಗೆ ಬೇಕಿರುವುದು ಅಷ್ಟೇ ಆಗಿದ್ದರೆ ಜಿಪಿಜಿಯ ಗೊಡವೆಗೆ ಹೋಗಬೇಡ. ಆದರೆ ಲಾಗಿನ್‌ಗೊಂದು, ಸಹಿಗೊಂದು ಅಂತ ಎರಡು ಕೀ ಮಾಡಿಕೋ. ಎಸ್‌ಎಸ್‌ಎಚ್ ಕೀ ಮಾಡುವುದು ಒಂದು ನಿಮಿಷದ ಕೆಲಸ, ಖರ್ಚೂ ಇಲ್ಲ.

ಮೇಲ್ ಮಾತ್ರ ಆಗುವುದಿಲ್ಲ. 'ಏಜ್' ಎಂಬ ಸಲಕರಣೆ ಎಸ್‌ಎಸ್‌ಎಚ್ ಕೀಗೆ ಫೈಲ್ ಎನ್‌ಕ್ರಿಪ್ಟ್ ಮಾಡುತ್ತದೆ. ಪ್ರಾಜೆಕ್ಟ್ ಗೆಳತಿಗೆ ಒಂದು ಫೈಲ್ ಕಳಿಸಲು ಅದು ಚೆನ್ನ. ಆದರೆ ಥಂಡರ್‌ಬರ್ಡ್‌ನಂಥ ಮೇಲ್ ತಂತ್ರಾಂಶಗಳಿಗೆ ಅರ್ಥವಾಗುವುದು ಓಪನ್‌ಪಿಜಿಪಿ ಮತ್ತು ಎಸ್‌ಮೈಮ್ ಎಂಬ ಎರಡು ಮಾನದಂಡಗಳು ಮಾತ್ರ. ಥಂಡರ್‌ಬರ್ಡ್ 78ನೇ ಆವೃತ್ತಿಯಿಂದ ಓಪನ್‌ಪಿಜಿಪಿ ಅದರೊಳಗೇ ಇದೆ, ಬೇರೆ ಏನೂ ಹಾಕಿಕೊಳ್ಳಬೇಕಿಲ್ಲ. ಅಲ್ಲೇ ಒಂದು ಕೀ ಮಾಡಿ, ನಿನ್ನ ಗೆಳತಿಗೂ ಮಾಡಿಸಿ, ಇಬ್ಬರೂ ಫೋನಿನಲ್ಲಿ ಫಿಂಗರ್‌ಪ್ರಿಂಟ್ ಓದಿ ಹೊಂದಿಸಿಕೊಳ್ಳಿ. ನಾಲ್ಕು ನಾಲ್ಕು ಅಕ್ಷರದ ಹತ್ತು ಗುಂಪು ಬರುತ್ತವೆ, ಹತ್ತನ್ನೂ ಓದಿ.